ಸರ್ಕಾರದ ನಕ್ಷೆ: ಮಾರಬೇಕಾ, ಹಂಚಬೇಕಾ, ಬೀಗ ಹಾಕಬೇಕಾ?

ಕೋಲಾರ ತಾಲ್ಲೂಕಿನ ಒಂದು ಕೆರೆ ಏರಿ ಮೇಲೆ ಬೈಕ್ ನಿಲ್ಲಿಸಿ, ಸೀಟಿನ ಮೇಲೆ ಮೂರು ನಕ್ಷೆ ಹರಡಿಕೊಂಡಿದ್ದೆ. ಮೂರೂ ಸರ್ಕಾರದ್ದೇ. ಒಂದರ ಪ್ರಕಾರ ಕೆರೆ 84 ಎಕರೆ. ಇನ್ನೊಂದರಲ್ಲಿ 71. ಮೂರನೆಯದು 58 ಅನ್ನುತ್ತಿತ್ತು. ಪಂಚಾಯಿತಿಯವರು ನನ್ನನ್ನು ಕರೆಸಿದ್ದು ಸಣ್ಣ ಕೆಲಸಕ್ಕೆ. ಹೂಳು ತೆಗೆಸಬೇಕು, ಅಂದಾಜು ಪಟ್ಟಿಗೆ ಕೆರೆ ವಿಸ್ತೀರ್ಣ ಬೇಕು, ಒಂದು ಅಂಕಿ ಕೊಡಿ ಅಂತ.

ಪಕ್ಕದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿದರು. "ಏನ್ ಸಾ, ಮೂರು ಪೇಪರ್ ಇಟ್ಕೊಂಡೂ ಲೆಕ್ಕ ಸಿಗ್ತಿಲ್ವಾ? ಕೋಡಿ ಬಿದ್ದಾಗ ನೀರು ಎಲ್ಲೀಗಂಟ ಬಂದಿತ್ತು ಅಂತ ನನ್ ಕೇಳಿ, ತೋರಿಸ್ತೀನಿ" ಅಂದರು. ತೋರಿಸಿದರು ಕೂಡ. ಆ ಜಾಗ ಮೂರು ನಕ್ಷೆಯಲ್ಲಿ ಯಾವುದರ ಗೆರೆಗೂ ಹೊಂದಲಿಲ್ಲ.

ರಾತ್ರಿ ಕೂತು ನೋಡಿದ ಮೇಲೆ ಗೊತ್ತಾಯಿತು, ಮೂರರಲ್ಲಿ ಯಾವುದೂ ಸುಳ್ಳಲ್ಲ. 84 ಎಕರೆ ಇಡೀ ಸರ್ವೆ ನಂಬರಿನ ಲೆಕ್ಕ. ಏರಿ, ಕೋಡಿ, ಅಂಚಿನ ಖರಾಬು ಎಲ್ಲ ಸೇರಿದೆ. 71 ಅಂದರೆ ಕೆರೆ ತುಂಬಿ ಕೋಡಿ ಮಟ್ಟಕ್ಕೆ ಬಂದಾಗ ನಿಲ್ಲುವ ನೀರು. 58 ಅನ್ನೋದು ಉಪಗ್ರಹ ಚಿತ್ರದ ಮೇಲೆ ಎಳೆದ ಗೆರೆ. ಆ ಚಿತ್ರ ಬೇಸಿಗೆಯದು. ಒಂದು ಮೂಲೆ ಪೂರ್ತಿ ಜಾಲಿ ಬೆಳೆದಿತ್ತು, ಎಳೆದವರು ಅದನ್ನು ಕೆರೆ ಅಂತ ಒಪ್ಪಲಿಲ್ಲ. ಇದನ್ನೆಲ್ಲ ನಾನೇ ಪತ್ತೆ ಮಾಡಬೇಕಾಯಿತು. ಯಾವ ನಕ್ಷೆಯ ಮೂಲೆಯಲ್ಲೂ ಒಂದು ಸಾಲು ಬರೆದಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಪುಸ್ತಕದ ಸಮಸ್ಯೆ ಅಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬರೋಕೆ ಶುರುವಾದ ಮೇಲೆ, ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು. ನೀರು ನಿಂತ ಕಡೆ ಅಂಚು ಎಲ್ಲಿ ಅನ್ನೋ ಪ್ರಶ್ನೆಯೂ ಎದ್ದಿತು.

ಸರ್ಕಾರದ ಭೂ ಡೇಟಾಗೆ, ಅಂದರೆ ನಕ್ಷೆ, ಉಪಗ್ರಹ ಚಿತ್ರ, ಗಡಿ, ರಸ್ತೆ, ಕೆರೆ, ವಿಳಾಸ ಇವುಗಳಿಗೆ, ಒಂದು ದೇಶ ಎಂಥ ನೀತಿ ಇಟ್ಟುಕೊಳ್ಳಬೇಕು? ಇದು ದೆಹಲಿಯವರ ತಲೆನೋವು ಅಂತ ನಾನೂ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸಲ್ಲ. ಬೇರೆ ಬೇರೆ ದೇಶಗಳು ಹಿಡಿದ ದಾರಿಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿ ಇಡುತ್ತೇನೆ. ಕರಡು ನೀತಿಗೆ ಅಭಿಪ್ರಾಯ ಬರೆಯುವವರಿಗೆ, ಕಚೇರಿಯಲ್ಲಿ ಈ ಕೆಲಸ ಮಾಡುವವರಿಗೆ, ಓದುವ ಹುಡುಗರಿಗೆ ಉಪಯೋಗಕ್ಕೆ ಬರಬಹುದು. ನನ್ನ ಒಲವು ಯಾವ ಕಡೆ ಅನ್ನೋದನ್ನೂ ಮುಚ್ಚಿಡಲ್ಲ. ಎಲ್ಲರೂ ಬೆಲೆಯ ಬಗ್ಗೆ ಜಗಳ ಆಡುತ್ತಾರೆ. ನಾನು ಮೊದಲು ನೋಡೋದು, ತಪ್ಪಿದ್ದರೆ ಯಾರ ಹತ್ತಿರ ಹೋಗಬೇಕು ಅಂತ ಆ ನೀತಿಯಲ್ಲಿ ಬರೆದಿದೆಯಾ ಅನ್ನೋದನ್ನ.

ಮಾರುವ ದಾರಿ

ಇದಕ್ಕೆ ಹಳೆ ಉದಾಹರಣೆ ಬ್ರಿಟನ್. ಅಲ್ಲಿನ ಆರ್ಡ್‌ನೆನ್ಸ್ ಸರ್ವೆ 1791ರಲ್ಲಿ ಶುರುವಾದ ಸಂಸ್ಥೆ. 1999ರಿಂದ ಅದು ತನ್ನ ಖರ್ಚು ತಾನೇ ದುಡಿದುಕೊಳ್ಳುವ ವ್ಯವಸ್ಥೆಗೆ ಬಂತು. ನಕ್ಷೆ ಬೇಕಾದವರು ಲೈಸೆನ್ಸ್‌ಗೆ ದುಡ್ಡು ಕಟ್ಟಬೇಕು. ಈ ದಾರಿಯಲ್ಲಿ ಒಂದು ಒಳ್ಳೆಯದಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ದುಡ್ಡು ಕೊಟ್ಟವನು ಸುಮ್ನೆ ಇರಲ್ಲ. ಹೊಸ ರಸ್ತೆ ನಕ್ಷೆಯಲ್ಲಿ ಇಲ್ಲ ಅಂದರೆ ಗಲಾಟೆ ಮಾಡುತ್ತಾನೆ. ಅದಕ್ಕೇ ಬ್ರಿಟನ್ನಿನ ನಕ್ಷೆಗಳ ಗುಣಮಟ್ಟಕ್ಕೆ ಇವತ್ತಿಗೂ ಹೆಸರಿದೆ. ಸರ್ಕಾರ ಬದಲಾದಾಗ, ಬಜೆಟ್ ಕಡಿತವಾದಾಗ ಸರ್ವೆ ಕೆಲಸ ಒಂದೇ ಸಲಕ್ಕೆ ನಿಲ್ಲುವ ಭಯವೂ ಕಡಿಮೆ.

ಕೆಟ್ಟದ್ದು ಏನು ಅಂದರೆ, ಆ ದುಡ್ಡು ಕಟ್ಟುವವರಲ್ಲಿ ದೊಡ್ಡ ಪಾಲು ಸರ್ಕಾರದ ಬೇರೆ ಇಲಾಖೆಗಳೇ. ಬಲಗೈ ಜೇಬಿನಿಂದ ತೆಗೆದು ಎಡಗೈ ಜೇಬಿಗೆ ಹಾಕಿದ ಹಾಗೆ. ನಡುವೆ ಲೈಸೆನ್ಸ್ ಮಾತುಕತೆಗೆ, ವಕೀಲರಿಗೆ, ಲೆಕ್ಕ ಇಡೋದಕ್ಕೆ ಖರ್ಚು ಬೇರೆ. ಇನ್ನೊಂದು ಕಡೆ, ಸಣ್ಣವರು ಬಾಗಿಲ ಹೊರಗೇ ಉಳಿಯುತ್ತಾರೆ. 2004ರಲ್ಲಿ ಸ್ಟೀವ್ ಕೋಸ್ಟ್ ಎಂಬಾತ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಜನರೇ ಸೇರಿ ಮಾಡುವ ಉಚಿತ ನಕ್ಷೆ ಶುರುಮಾಡಿದ್ದು ಇದೇ ಬ್ರಿಟನ್ನಿನಲ್ಲಿ. ಸರ್ಕಾರದ ನಕ್ಷೆ ಕೈಗೆಟುಕುವ ಹಾಗಿಲ್ಲ ಅಂತ ಜನ ಜಿಪಿಎಸ್ ಹಿಡಿದು ತಾವೇ ಬೀದಿ ಸುತ್ತಿದರು. ಕೊನೆಗೆ 2010ರ ಏಪ್ರಿಲ್ 1ರಂದು ಸರ್ಕಾರವೇ ಒಂದಷ್ಟು ನಕ್ಷೆಗಳನ್ನು ಉಚಿತವಾಗಿ ಬಿಟ್ಟಿತು. ಮನೆ ಮನೆ ತೋರಿಸುವ ದೊಡ್ಡ ನಕ್ಷೆ ಮಾತ್ರ ಲೈಸೆನ್ಸ್ ಒಳಗೇ ಉಳಿಯಿತು.

ಅಲ್ಲಿಯ ಇನ್ನೊಂದು ಕತೆ ನನಗೆ ಮರೆಯೋಕೆ ಆಗಲ್ಲ. 2013ರಲ್ಲಿ ಬ್ರಿಟನ್ ತನ್ನ ಅಂಚೆ ಸಂಸ್ಥೆ ರಾಯಲ್ ಮೇಲ್ ಅನ್ನು ಖಾಸಗಿಯವರಿಗೆ ಕೊಟ್ಟಿತು. ಅದರ ಜೊತೆಗೆ ಇಡೀ ದೇಶದ ಅಂಚೆ ವಿಳಾಸಗಳ ಪಟ್ಟಿಯೂ ಹೋಯಿತು. ಹೊಸ ಮನೆಗೆ ನಂಬರು ಕೊಡೋದು ಸ್ಥಳೀಯ ಆಡಳಿತ, ಪಟ್ಟಿಯ ಒಡೆಯ ಮಾತ್ರ ಕಂಪನಿ. ಮರುವರ್ಷ ಅಲ್ಲಿನ ಸಂಸತ್ತಿನ ಸಮಿತಿಯೇ ಇದು ತಪ್ಪಾಯಿತು ಅಂದಿತು. ಹೊಲ ಮಾರುವಾಗ ಬಾವಿಯೂ ಸೇರಿ ಹೋಗಿದ್ದನ್ನ ರಿಜಿಸ್ಟರ್ ಆದ ಮೇಲೆ ನೋಡಿಕೊಂಡ ಹಾಗಾಯಿತು.

ನಮ್ಮ ಕಡೆಗೆ ಇದನ್ನು ಹೊಂದಿಸಿ ನೋಡಿ. ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮಾಡುವವರಿಗೆ ನಕ್ಷೆಯ ಬೆಲೆ ಒಂದು ಲೆಕ್ಕವೇ ಅಲ್ಲ. ಅದೇ ಪಾವಗಡದ ಒಂದು ಪಂಚಾಯಿತಿ ಚೆಕ್ ಡ್ಯಾಂ ಎಲ್ಲಿ ಕಟ್ಟಬೇಕು ಅಂತ ನೋಡಬೇಕಾದರೆ, ನಕ್ಷೆಗೆ ಬಿಲ್ ಹಾಕೋಕೆ ಯಾವ ಲೆಕ್ಕ ಶೀರ್ಷಿಕೆ ಅನ್ನೋದೇ ಗೊತ್ತಾಗಲ್ಲ. ದುಡ್ಡು ಕಡಿಮೆ ಇದ್ದರೂ ಸರಿ, ಆ ಬಿಲ್ಲಿನ ದಾರಿಯೇ ಕೆಲಸ ಕೆಡಿಸುತ್ತೆ.

ಬಿಟ್ಟಿ ಕೊಡುವ ದಾರಿ

ಅಮೆರಿಕ ಮೊದಲಿನಿಂದ ಇದನ್ನೇ ಹಿಡಿದಿದೆ. ಅಲ್ಲಿ ಕೇಂದ್ರ ಸರ್ಕಾರದ ನೌಕರರು ಮಾಡಿದ ಕೆಲಸಕ್ಕೆ ಕಾಪಿರೈಟ್ ಇಲ್ಲ. ತೆರಿಗೆ ದುಡ್ಡಲ್ಲಿ ಆದದ್ದು ಎಲ್ಲರದ್ದೂ. 1990ರ ಜನಗಣತಿಗೆ ಅಂತ ಅಲ್ಲಿನ ಗಣತಿ ಇಲಾಖೆ ಟೈಗರ್ ಅನ್ನುವ ರಸ್ತೆ ನಕ್ಷೆ ಮಾಡಿತು. ಗಣತಿ ಮುಗಿದ ಮೇಲೂ ಅದನ್ನ ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಎಷ್ಟೋ ಕಂಪನಿಗಳ ನಕ್ಷೆ ಅದರ ಮೇಲೇ ಎದ್ದು ನಿಂತವು.

ಆದರೆ ಇಲ್ಲಿ ನೋಡಬೇಕಾದ್ದು ಲ್ಯಾಂಡ್‌ಸ್ಯಾಟ್ ಕತೆ. ಇದು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿರುವ ಉಪಗ್ರಹ ಸರಣಿ. 1980ರ ದಶಕದಲ್ಲಿ ಅಮೆರಿಕ ಇದನ್ನ ಖಾಸಗಿಯವರ ಕೈಗೆ ಕೊಟ್ಟು ನೋಡಿತು. ಒಂದು ಚಿತ್ರದ ಬೆಲೆ 4,000 ಡಾಲರ್‌ವರೆಗೂ ಹೋಯಿತು. ಆಮೇಲೆ ಸರ್ಕಾರ ವಾಪಸ್ ತಗೊಂಡು 600 ಡಾಲರ್‌ಗೆ ಇಳಿಸಿತು. ಆ ಬೆಲೆಯಲ್ಲಿ ಚೆನ್ನಾಗಿ ಮಾರಾಟವಾದ ವರ್ಷ 2001. ಆ ವರ್ಷ ಹೋಗಿದ್ದು ಸುಮಾರು 25,000 ಚಿತ್ರ. 2008ರಲ್ಲಿ ಬೆಲೆ ತೆಗೆದು ಹಾಕಿದರು. ಮೊದಲ ಪೂರ್ತಿ ವರ್ಷದಲ್ಲೇ ಡೌನ್‌ಲೋಡ್ ಹತ್ತು ಲಕ್ಷ ದಾಟಿತು.

ಇದರಲ್ಲಿ ನಮಗೇನು? ನಮ್ಮ ಕೆರೆಗಳಿಗೆ ಜಾಲಿ ಯಾವ ವರ್ಷ ನುಗ್ಗಿತು, ಯಾವ ಕೆರೆಯಲ್ಲಿ ಎಷ್ಟು ವರ್ಷ ನೀರೇ ನಿಲ್ಲಲಿಲ್ಲ ಅನ್ನೋದನ್ನ ನಾನು ನೋಡೋದು ಇದೇ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ. ಒಂದು ಕೆರೆಯ ಮೂವತ್ತು ವರ್ಷದ ಕತೆ ನೋಡಬೇಕಾದರೆ ವರ್ಷಕ್ಕೆ ಎರಡಾದರೂ ಚಿತ್ರ ಬೇಕು. 600 ಡಾಲರ್‌ನಂತೆ ಅರವತ್ತು ಚಿತ್ರ ಕೊಳ್ಳೋಕೆ ಕೋಲಾರದ ಯಾವ ಪಂಚಾಯಿತಿಗೆ ಆಗುತ್ತೆ ಹೇಳಿ? ಬೆಲೆ ಇದ್ದಾಗ ಜನ ಒಂದು ಚಿತ್ರ ಕೊಂಡು ಅದನ್ನೇ ನಂಬುತ್ತಿದ್ದರು. ನಮ್ಮ 58 ಎಕರೆಯ ನಕ್ಷೆ ಹುಟ್ಟಿದ್ದು ಹಾಗೇ, ಒಂದೇ ಬೇಸಿಗೆಯ ಒಂದೇ ಚಿತ್ರದಿಂದ. ಅರವತ್ತು ಚಿತ್ರ ಬಿಟ್ಟಿ ಸಿಕ್ಕರೆ ಜಾಲಿ ಕೆಳಗೆ ಕೆರೆ ಇದೆ ಅಂತ ಯಾರಿಗಾದರೂ ಕಾಣುತ್ತೆ.

ಡೆನ್ಮಾರ್ಕ್ ಇನ್ನೂ ಲೆಕ್ಕಾಚಾರದ ದೇಶ. 2002ರಲ್ಲಿ ಅವರು ವಿಳಾಸಗಳ ಡೇಟಾ ಉಚಿತ ಮಾಡಿದರು. 2010ರಲ್ಲಿ ಕೂತು ಲೆಕ್ಕ ಹಾಕಿದರು. 2005ರಿಂದ 2009ರವರೆಗೆ ಸಮಾಜಕ್ಕೆ ಆದ ಲಾಭ ಸುಮಾರು 6.2 ಕೋಟಿ ಯೂರೋ, ಸರ್ಕಾರಕ್ಕೆ ಬಂದ ಖರ್ಚು ಸುಮಾರು 20 ಲಕ್ಷ ಯೂರೋ. ಈ ಧೈರ್ಯದ ಮೇಲೆ 2013ರ ಜನವರಿಯಿಂದ ನಕ್ಷೆ, ಜಮೀನಿನ ಗಡಿ ಮುಂತಾದ ಮೂಲ ಡೇಟಾಗೂ ಬಾಗಿಲು ತೆರೆದರು. ಇಂಥ ಲಾಭದ ಅಂಕಿಗಳನ್ನು ಪೂರ್ತಿ ನಂಬಬೇಕಾಗಿಲ್ಲ, ಲಾಭ ಅಂದರೆ ಏನು ಅನ್ನೋದು ಲೆಕ್ಕ ಹಾಕುವವರ ಕೈಯಲ್ಲಿರುತ್ತೆ. ಅರ್ಧಕ್ಕೆ ಅರ್ಧ ಕಳೆದರೂ ಖರ್ಚಿನ ಹದಿನೈದು ಪಟ್ಟು ಉಳಿಯುತ್ತೆ ಅನ್ನೋದು ಬೇರೆ ಮಾತು.

ಬಿಟ್ಟಿ ದಾರಿಯ ತೊಂದರೆ ನಿಧಾನಕ್ಕೆ ಕಾಣುತ್ತೆ. ದುಡ್ಡು ಬರಲ್ಲ, ಹಾಗಾಗಿ ಪ್ರತಿ ಬಜೆಟ್‌ನಲ್ಲೂ ಕೈ ಚಾಚಬೇಕು. ಮೊದಲ ವರ್ಷ ಉದ್ಘಾಟನೆಗೆ ದುಡ್ಡು ಸಿಗುತ್ತೆ. ಐದನೇ ವರ್ಷ ತಿದ್ದುಪಡಿಗೆ ಸಿಗಲ್ಲ. ಇನ್ನೊಂದು, ಅಮೆರಿಕದ ಉಚಿತ ಅನ್ನೋದು ಕೇಂದ್ರ ಸರ್ಕಾರದ ಡೇಟಾಗೆ ಮಾತ್ರ. ಜಮೀನಿನ ಗಡಿ ಅಲ್ಲಿ ಕೌಂಟಿಗಳ ಕೈಯಲ್ಲಿದೆ. ಮೂರು ಸಾವಿರಕ್ಕೂ ಜಾಸ್ತಿ ಕೌಂಟಿಗಳು, ಒಬ್ಬೊಬ್ಬರದು ಒಂದೊಂದು ರೂಲು. ಕೆಲವರು ಉಚಿತ, ಕೆಲವರು ಮಾರುತ್ತಾರೆ. ಇಡೀ ದೇಶದ ಜಮೀನು ಗಡಿ ನಕ್ಷೆ ಒಂದೇ ಕಡೆ ಸರ್ಕಾರದಿಂದ ಬಿಟ್ಟಿ ಸಿಗುತ್ತೆ ಅನ್ನೋ ಹಾಗಿಲ್ಲ. ಅಷ್ಟು ತೆರೆದ ದೇಶದಲ್ಲೂ!

ಬೀಗ ಹಾಕುವ ದಾರಿ

ಇದು ನಮ್ಮ ಮನೆಯ ಕತೆ. ಸರ್ವೆ ಆಫ್ ಇಂಡಿಯಾ 1767ರಲ್ಲಿ ಹುಟ್ಟಿದ್ದು. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ನೆಲ ಅಳೆದ. ಟಿಪ್ಪು ಸತ್ತು ಒಂದೂವರೆ ವರ್ಷವೂ ಆಗಿರಲಿಲ್ಲ. ಗೆದ್ದ ನೆಲ ಎಷ್ಟಿದೆ ಅಂತ ಅಳೆಯೋಕೆ ಮಾಡಿದ ಕೆಲಸ ಅದು. ಸೈನ್ಯದ ಕೈಯಲ್ಲಿ ಹುಟ್ಟಿದ ನಕ್ಷೆಗೆ ಸೈನ್ಯದ ಗುಣ ಸ್ವಾತಂತ್ರ್ಯ ಬಂದ ಮೇಲೂ ಬಿಡಲಿಲ್ಲ. ಬಹಳ ಕಾಲ ಗಡಿ ಮತ್ತು ಕರಾವಳಿಯಿಂದ ಸುಮಾರು 80 ಕಿ.ಮೀ. ಒಳಗಿನ ನಕ್ಷೆಗಳು ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಕೋಲಾರ ಕರಾವಳಿಯಿಂದ ಎಷ್ಟೋ ದೂರ, ನಾವು ಬಚಾವ್.

2005ರಲ್ಲಿ ರಾಷ್ಟ್ರೀಯ ನಕ್ಷೆ ನೀತಿ ಬಂತು. ಒಂದೇ ದೇಶಕ್ಕೆ ಎರಡು ಸರಣಿ ನಕ್ಷೆ. ರಕ್ಷಣೆಯವರಿಗೆ ಒಂದು, ಜನರಿಗೆ ಒಂದು. ಜನರ ನಕ್ಷೆಯಿಂದ ಸೂಕ್ಷ್ಮ ಜಾಗಗಳನ್ನು ತೆಗೆದು ಕೊಡೋದು. ಟೊಪೊಶೀಟ್ ಅಂತ ನಾವು ಕರೆಯುವ 1:50,000ದ ಹಾಳೆಗಳು ಇವೇ. ಹಳೆ ಹಾಳೆ ಸಂಖ್ಯೆಯಲ್ಲಿ ಚಿಕ್ಕಬಳ್ಳಾಪುರ, ತುಮಕೂರು 57ಜಿ ಒಳಗೆ ಬರುತ್ತವೆ. ಕೋಲಾರ, ಚಿಂತಾಮಣಿ 57ಕೆ. 2017ರಲ್ಲಿ ಸಂಸ್ಥೆಗೆ 250 ವರ್ಷ ತುಂಬಿದಾಗ ಇವುಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ಇಳಿಸಿಕೊಳ್ಳೋಕೆ ಬಿಟ್ಟರು.

ನಡುವೆ 2016ರಲ್ಲಿ ಒಂದು ಕರಡು ಮಸೂದೆ ಬಂದಿತ್ತು. ಭೂ ಮಾಹಿತಿ ಇಟ್ಟುಕೊಳ್ಳೋಕೂ, ಹಂಚೋಕೂ ಮೊದಲೇ ಅನುಮತಿ ಬೇಕು. ತಪ್ಪಿದರೆ 100 ಕೋಟಿವರೆಗೆ ದಂಡ, ಏಳು ವರ್ಷದವರೆಗೆ ಜೈಲು. ಫೋನಿನಲ್ಲಿ ಲೊಕೇಶನ್ ಕಳಿಸೋದೂ ಅಪರಾಧವಾ ಅಂತ ಜನ ಕೇಳಿದರು. ಅದು ಕಾನೂನಾಗಲಿಲ್ಲ. ಐದೇ ವರ್ಷಕ್ಕೆ ಗಾಳಿ ಪೂರ್ತಿ ತಿರುಗಿತು. 2021ರ ಫೆಬ್ರವರಿ 15ರಂದು ಬಂದ ಮಾರ್ಗಸೂಚಿಯಲ್ಲಿ ಅನುಮತಿಯೇ ಬೇಡ, ನಿಯಮ ಪಾಲಿಸುತ್ತೇನೆ ಅಂತ ನೀವೇ ಬರೆದುಕೊಟ್ಟರೆ ಸಾಕು ಅಂದರು. ಅಡ್ಡಡ್ಡಕ್ಕೆ 1 ಮೀಟರ್, ಎತ್ತರದಲ್ಲಿ 3 ಮೀಟರ್‌ಗಿಂತ ನಿಖರವಾದ ಡೇಟಾ ಮಾತ್ರ ಭಾರತೀಯ ಸಂಸ್ಥೆಗಳ ಕೈಯಲ್ಲೇ ಇರಬೇಕು. 2022ರ ಡಿಸೆಂಬರ್ 28ರಂದು ರಾಷ್ಟ್ರೀಯ ಭೂ ಮಾಹಿತಿ ನೀತಿ ಪ್ರಕಟವಾಯಿತು. 2030ರ ಹೊತ್ತಿಗೆ ಊರು, ನಗರಗಳನ್ನು 5ರಿಂದ 10 ಸೆಂಟಿಮೀಟರ್ ಸ್ಪಷ್ಟತೆಯಲ್ಲಿ ಅಳೆಯೋ ಗುರಿ ಅದರಲ್ಲಿದೆ.

ಬೆಲೆಯ ವಿಷಯದಲ್ಲಿ ನಮ್ಮದು ಅಡ್ಡಗೋಡೆ ಮೇಲಿನ ದೀಪ. 2021ರ ಮಾರ್ಗಸೂಚಿ ಹೇಳೋದು, ಸಾರ್ವಜನಿಕ ಹಣದ ಡೇಟಾ ಸರ್ಕಾರಿ ಸಂಸ್ಥೆಗಳಿಗೆ ಉಚಿತ, ಬೇರೆಯವರಿಗೆ ನ್ಯಾಯವಾದ, ಪಾರದರ್ಶಕ ಬೆಲೆಗೆ. ನ್ಯಾಯವಾದ ಅಂದರೆ ಎಷ್ಟು? ಮೇಷ್ಟ್ರಿಗೂ ಗಣಿ ಕಂಪನಿಗೂ ಒಂದೇ ನ್ಯಾಯವಾ? ಇದಕ್ಕೆ ಉತ್ತರ ಬೇಕು.

ಬೀಗದ ಪರವಾಗಿ ಒಂದು ಮಾತು. ಸೇನೆಯ ನೆಲೆ, ಅಣು ವಿದ್ಯುತ್ ಸ್ಥಾವರದ ಒಳಗಿನ ವಿವರ ಎಲ್ಲರಿಗೂ ಬೇಕಾಗಿಲ್ಲ. ಇದನ್ನ ಯಾರೂ ಅಲ್ಲ ಅನ್ನಲ್ಲ. ಆದರೆ ಬೀಗ ಹಾಕೋ ಕೈ ತೆಗೆಯೋಕೆ ಮರೆಯುತ್ತೆ. 2001ರ ದಾಳಿ ಆದ ಮೇಲೆ ಅಮೆರಿಕದಲ್ಲಿ ಎಷ್ಟೋ ನಕ್ಷೆಗಳನ್ನು ಗಾಬರಿಯಲ್ಲಿ ಒಳಗೆ ಎಳೆದುಕೊಂಡರು. 2004ರಲ್ಲಿ ರ್‍ಯಾಂಡ್ ಸಂಶೋಧನಾ ಸಂಸ್ಥೆಯವರು ಸಾರ್ವಜನಿಕರಿಗೆ ಸಿಗುತ್ತಿದ್ದ 629 ಡೇಟಾಗಳನ್ನು ಪರೀಕ್ಷೆ ಮಾಡಿದಾಗ, ದಾಳಿಕೋರರಿಗೆ ಉಪಯೋಗ ಆಗಬಹುದು ಅನ್ನಿಸಿದ್ದು ಬರೀ 36. ಹಾಗಾಗಿ ಈ ದಾರಿಯನ್ನೇ ಆರಿಸುವುದಾದರೆ, ಮುಚ್ಚಿಡೋದರ ಪಟ್ಟಿಯನ್ನು ಬರೆದಿಡಿ, ಕಾರಣ ಬರೆಯಿರಿ, ಯಾವ ತಾರೀಖಿಗೆ ಮತ್ತೆ ನೋಡುತ್ತೀವಿ ಅಂತಲೂ ಬರೆಯಿರಿ. ಪಟ್ಟಿಯಲ್ಲಿ ಇಲ್ಲದ್ದು ತೆರೆದದ್ದು ಅಂತ ಇರಲಿ. ಉಲ್ಟಾ ಮಾಡಿದರೆ, ಅಂದರೆ ಪಟ್ಟಿಯಲ್ಲಿ ಇದ್ದದ್ದು ಮಾತ್ರ ತೆರೆದದ್ದು ಅಂದರೆ, ಕೌಂಟರಿನಲ್ಲಿ ಕೂತವರು ಪ್ರತಿ ಸಲ "ಮೇಲಿಂದ ಕೇಳಬೇಕು" ಅನ್ನುತ್ತಾರೆ. ನಾನಾದರೂ ಅವರ ಜಾಗದಲ್ಲಿ ಕೂತಿದ್ದರೆ ಹಾಗೇ ಅನ್ನುತ್ತಿದ್ದೆ. ಕೊಟ್ಟು ಸಿಕ್ಕಿಹಾಕಿಕೊಂಡವರುಂಟು, ಕೊಡದೆ ಸಿಕ್ಕಿಹಾಕಿಕೊಂಡವರನ್ನ ನಾನು ಕಂಡಿಲ್ಲ.

ಒಂದೇ ಗೋದಾಮಾ, ಮನೆಗೊಂದು ಬೀರುವಾ?

ಬೆಲೆಯ ಜಗಳದಲ್ಲಿ ಈ ಪ್ರಶ್ನೆ ಮುಚ್ಚಿಹೋಗುತ್ತೆ. ನನ್ನ ಕೆರೆಯ ತಾಪತ್ರಯ ಇದ್ದದ್ದು ಇಲ್ಲಿ.

ಒಂದು ದಾರಿ, ಎಲ್ಲವನ್ನೂ ಒಂದು ಪೋರ್ಟಲ್‌ಗೆ ತಂದು ಸುರಿಯೋದು. ನೋಡೋಕೆ ಚೆಂದ. ಮೂರು ಇಲಾಖೆಯ ಮೂರು ಕೆರೆ ಗೆರೆಗಳೂ ಒಂದೇ ಪರದೆ ಮೇಲೆ ಬಣ್ಣಬಣ್ಣವಾಗಿ ಕಾಣುತ್ತವೆ. ಜಗಳ ಮಾತ್ರ ಹಾಗೇ ಇರುತ್ತೆ.

ಇನ್ನೊಂದು ದಾರಿ ಯುರೋಪಿನದು. 2007ರಲ್ಲಿ ಅವರು ಇನ್‌ಸ್ಪೈರ್ ಅನ್ನುವ ನಿರ್ದೇಶನ ತಂದರು. 34 ವಿಷಯ. ಡೇಟಾ ಅವರವರ ದೇಶದಲ್ಲಿ, ಅವರವರ ಇಲಾಖೆಯಲ್ಲೇ ಇರಲಿ. ಆದರೆ ಎಲ್ಲರೂ ಒಂದೇ ಮಾದರಿಯಲ್ಲಿ ಬರೆಯಬೇಕು, ಪ್ರತಿ ಲೇಯರ್ (ಕೆರೆ, ರಸ್ತೆ ಹೀಗೆ ನಕ್ಷೆಯ ಒಂದೊಂದು ಪದರ) ಜೊತೆ ಅದು ಏನು, ಯಾವಾಗಿನದು, ಯಾರದು ಅನ್ನೋ ಚೀಟಿ ಇರಬೇಕು. ನಮ್ಮ 84, 71, 58ಕ್ಕೆ ಆ ಚೀಟಿ ಇದ್ದಿದ್ದರೆ ನನ್ನ ಒಂದು ರಾತ್ರಿ ಉಳಿಯುತ್ತಿತ್ತು. ಆದರೆ ಇನ್‌ಸ್ಪೈರ್‌ನ ನಿಯಮಗಳು ಎಷ್ಟು ದಪ್ಪ ಅಂದರೆ, ಸಣ್ಣ ಇಲಾಖೆಗಳು ಅದನ್ನ ಓದುವುದರಲ್ಲೇ ಸುಸ್ತಾದವು. ಕಾಗದಕ್ಕೆ ತಕ್ಕ ಹಾಗೆ ಡೇಟಾ ಮಾಡೋದೇ ಕೆಲಸ ಆಯಿತು. ಅಷ್ಟು ದಪ್ಪ ನಮಗೆ ಬೇಡ. ಒಂದು ಪುಟದ ಚೀಟಿ ಸಾಕು.

ಅಮೆರಿಕ ಇದಕ್ಕೆ 2018ರಲ್ಲಿ ಕಾನೂನನ್ನೇ ಮಾಡಿತು. ಯಾವ ವಿಷಯಕ್ಕೆ ಯಾವ ಸಂಸ್ಥೆ ಹೊಣೆ ಅನ್ನೋದು ಅದರಲ್ಲಿ ನಿಗದಿಯಾಗುತ್ತೆ, ವರ್ಷವರ್ಷ ಅವರು ಲೆಕ್ಕ ಒಪ್ಪಿಸಬೇಕು. ನಮ್ಮ 2022ರ ನೀತಿಯೂ 14 ಮೂಲ ವಿಷಯಗಳನ್ನು ಗುರುತಿಸಿದೆ. ಇದು ನನಗೆ ಇಷ್ಟವಾದ ಭಾಗ. ಆದರೆ ನಮಗೆ ಇನ್ನೊಂದು ಗಂಟಿದೆ. ಸಂವಿಧಾನದಲ್ಲಿ ಸರ್ವೆ ಆಫ್ ಇಂಡಿಯಾ ಕೇಂದ್ರದ ಪಟ್ಟಿಯಲ್ಲಿದೆ, ಭೂಮಿ ರಾಜ್ಯದ ಪಟ್ಟಿಯಲ್ಲಿದೆ. ಅಂದರೆ ಟೊಪೊಶೀಟ್ ದೆಹಲಿಯ ನೀತಿಗೆ ತಲೆಬಾಗುತ್ತೆ, ಗ್ರಾಮ ನಕ್ಷೆ ಬೆಂಗಳೂರಿನದು. ಪಹಣಿ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ಪಟ್ಟಿ), ಟಿಪ್ಪಣಿ (ಅಳತೆ ಬರೆದಿಟ್ಟ ಪುಸ್ತಕ), ಪೋಡಿ (ಸರ್ವೆ ನಂಬರ್ ಭಾಗ ಮಾಡಿದ ದಾಖಲೆ), ಇವೆಲ್ಲ ರಾಜ್ಯದ ಕೈಯಲ್ಲಿ.

ಈ ಎರಡು ಲೋಕ ಅಳತೆಯಲ್ಲೂ ಬೇರೆ. ನಮ್ಮ ಹಳೇ ಸರ್ವೆ ನಡೆದದ್ದು 33 ಅಡಿ ಸರಪಳಿಯಲ್ಲಿ. ಆ ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಟಿಪ್ಪಣಿ ಪುಸ್ತಕದಲ್ಲಿ ಈಗಲೂ ಅಂಚಿನ ಅಳತೆ ಸರಪಳಿ, ಆಣೆಯಲ್ಲೇ ಇರುತ್ತೆ. ಅಲ್ಲಿ ಅಕ್ಷಾಂಶ, ರೇಖಾಂಶದ ಮಾತೇ ಇಲ್ಲ. ಆಧಾರ ಅಂದರೆ ಮೂಲೆಯ ಬಾಂದು ಕಲ್ಲು. ಉಪಗ್ರಹದ ನಕ್ಷೆಗೆ ಇದನ್ನು ಕೂರಿಸಬೇಕಾದರೆ ಕಲ್ಲು ಹುಡುಕಬೇಕು. "ಕಲ್ಲು ಇಲ್ಲೇ ಇತ್ತು ಸಾ, ಜೆಸಿಬಿ ಬಂದಾಗ ಹೋಯ್ತು" ಅನ್ನೋ ಮಾತು ಎಷ್ಟು ಊರಲ್ಲಿ ಕೇಳಿದ್ದೇನೋ.

ಹಾಗಂತ ರಾಜ್ಯ ಕೈಕಟ್ಟಿ ಕೂತಿಲ್ಲ. 2000ದ ಸುಮಾರಿಗೇ ಭೂಮಿ ಯೋಜನೆಯಲ್ಲಿ ಕರ್ನಾಟಕ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತ್ತು. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಬಹುದು, ಅದೂ ದುಡ್ಡಿಲ್ಲದೆ. 2020ರ ಏಪ್ರಿಲ್ 24ರಂದು ಶುರುವಾದ, ಹಳ್ಳಿ ಮನೆಗಳಿಗೆ ಹಕ್ಕಿನ ದಾಖಲೆ ಕೊಡುವ ಸ್ವಾಮಿತ್ವ ಯೋಜನೆಯಲ್ಲಿ ಕೇಂದ್ರ, ರಾಜ್ಯ ಎರಡೂ ಒಂದೇ ಬೀದಿಯಲ್ಲಿ ಕೆಲಸ ಮಾಡುತ್ತವೆ. ಮನೆ, ಹಿತ್ತಲಿನ ಸುತ್ತ ಸುಣ್ಣದಲ್ಲಿ ಗೆರೆ ಹಾಕುತ್ತಾರೆ. ಡ್ರೋನ್ ಮೇಲಿನಿಂದ ಆ ಬಿಳಿ ಗೆರೆಯನ್ನೇ ಹಿಡಿಯುತ್ತೆ. ಸುಣ್ಣ ಹಾಕುವಾಗ ಅಕ್ಕಪಕ್ಕದವರು ಬಂದು ನಿಂತಿರುತ್ತಾರೆ, ತಕರಾರು ಅಲ್ಲೇ ಎದ್ದು ಎಷ್ಟೋ ಸಲ ಅಲ್ಲೇ ಮುಗಿಯುತ್ತೆ. ಆಮೇಲೂ ಆಕ್ಷೇಪಣೆಗೆ ದಾರಿ ಇದೆ. ತಪ್ಪು ಹೇಳೋಕೆ ಜಾಗ ಇಟ್ಟುಕೊಂಡೇ ಶುರುವಾದ ಸರ್ವೆ ಅಂದರೆ ಹೀಗಿರಬೇಕು.

ಲೈಸೆನ್ಸ್ ಮತ್ತು ಹೆಸರು

ಲೈಸೆನ್ಸ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. 2012ರ ಡೇಟಾ ಹಂಚಿಕೆ ನೀತಿ ಮೂರು ಬಾಗಿಲು ಇಟ್ಟಿತು: ಎಲ್ಲರಿಗೂ, ನೋಂದಾಯಿಸಿದವರಿಗೆ, ಕೆಲವರಿಗೆ ಮಾತ್ರ. 2017ರಲ್ಲಿ ಮುಕ್ತ ಡೇಟಾಗೆ ಒಂದು ಲೈಸೆನ್ಸ್ ಬಂತು. ಮೂಲ ಎಲ್ಲಿಯದು ಅಂತ ಹೇಳಿ, ಬಳಸಿಕೊಳ್ಳಿ, ವ್ಯಾಪಾರಕ್ಕೂ ಬಳಸಿ ಅಂತ. ಅದು ಸಾಕು. ಹೊಸ ಇಲಾಖೆ ಬಂದ ಹಾಗೆಲ್ಲ ಹೊಸ ಲೈಸೆನ್ಸ್ ಬರೆಯಬಾರದು, ಅಷ್ಟೇ. ನೋಂದಣಿ ಬಾಗಿಲಿನ ಬಗ್ಗೆ ಎಚ್ಚರ ಇರಲಿ. ಒಂದು ಟೊಪೊಶೀಟ್‌ಗೆ ಆಧಾರ್ ಕೇಳಿದರೆ ಹಳ್ಳಿ ಹುಡುಗಿ ಹಿಂದೆ ಸರಿಯುತ್ತಾಳೆ, ಕೆಟ್ಟ ಉದ್ದೇಶದವನು ಯಾರದ್ದೋ ಆಧಾರ್ ಕೊಡುತ್ತಾನೆ.

ಹೆಸರಿನ ವಿಷಯ ಸ್ವಲ್ಪ ಸೂಕ್ಷ್ಮ. ಗಡಿ ಗೆರೆ ಎಲ್ಲರಿಗೂ ಕಾಣಲಿ. ಅದರ ಒಡೆಯನ ಹೆಸರು, ಸಾಲ ಸೋಲ ಕಾಣಬೇಕಾ? ನಮ್ಮಲ್ಲಿ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು, ಅದರಿಂದ ಮೋಸ ತಪ್ಪಿದ್ದೂ ಇದೆ. ಜಮೀನು ಕೊಳ್ಳುವವನು ಹೆಸರು ನೋಡಲೇಬೇಕು. ಒಂದೊಂದಾಗಿ ನೋಡೋದು ಬೇರೆ, ಇಡೀ ತಾಲ್ಲೂಕಿನ ಹೆಸರುಗಳನ್ನು ಒಂದೇ ಫೈಲ್‌ನಲ್ಲಿ ಇಳಿಸಿಕೊಳ್ಳೋದು ಬೇರೆ. ದೇವನಹಳ್ಳಿ ವಿಮಾನ ನಿಲ್ದಾಣದ ಆಚೆ ಚಿಕ್ಕಬಳ್ಳಾಪುರದ ಕಡೆ ಜಮೀನಿನ ಬೆಲೆ ಏರಿದ್ದನ್ನ ನೋಡಿದವರಿಗೆ, ವಿಧವೆಯರ, ವಯಸ್ಸಾದವರ ಹೆಸರಲ್ಲಿರುವ ಜಮೀನುಗಳನ್ನು ಆರಿಸಿ ತೆಗೆಯೋಕೆ ಆ ಫೈಲ್ ಎಷ್ಟು ಅನುಕೂಲ ಅಂತ ವಿವರಿಸಬೇಕಾಗಿಲ್ಲ. ಗೆರೆಗಳ ಫೈಲ್ ಪೂರ್ತಿ ಉಚಿತ, ಹೆಸರು ಒಂದೊಂದಾಗಿ ಮಾತ್ರ. ನನ್ನ ಮಟ್ಟಿಗೆ ಇದು ಸರಿ.

ಹಾಗಾದರೆ ಯಾವುದನ್ನು ಆರಿಸೋದು?

ನೀವು ಎಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ಖಜಾನೆ ಗಟ್ಟಿ ಇದೆ, ಸರ್ವೆ ಇಲಾಖೆಗೆ ವರ್ಷವರ್ಷ ದುಡ್ಡು ಬರುತ್ತೆ ಅನ್ನುವ ದೇಶ ಡೆನ್ಮಾರ್ಕ್ ದಾರಿ ಹಿಡಿಯಲಿ, ಯೋಚನೆಯೇ ಬೇಡ. ಖಜಾನೆ ಬಗ್ಗೆ ಅನುಮಾನ ಇದ್ದರೆ ಡೇಟಾ ಮಾರಬೇಡಿ, ಸೇವೆ ಮಾರಿ. ಸೆಂಟಿಮೀಟರ್ ನಿಖರತೆಗೆ ಬೇಕಾದ ಕಾರ್ಸ್ ಸಿಗ್ನಲ್ (ನೆಲದ ಮೇಲಿನ ಸ್ಥಿರ ಕೇಂದ್ರಗಳಿಂದ ಬರುವ ಜಿಪಿಎಸ್ ತಿದ್ದುಪಡಿ), ದಿನದ 24 ಗಂಟೆ ನಿಲ್ಲದೆ ಓಡುವ ಸರ್ವರ್, ದೊಡ್ಡ ಹಾಳೆಯ ಪ್ರಿಂಟ್, ಇವಕ್ಕೆ ದುಡ್ಡು ಕೊಡೋಕೆ ಕಂಪನಿಗಳು ಬೇಜಾರು ಮಾಡಿಕೊಳ್ಳಲ್ಲ. ಕೆರೆ, ರಸ್ತೆ, ಊರಿನ ಗಡಿ, ಎತ್ತರದ ಗೆರೆ ಇವು ಬಿಟ್ಟಿ ಇರಲಿ.

ಗಡಿ ರಾಜ್ಯ, ಭದ್ರತೆಯ ಚಿಂತೆ ನಿಜಕ್ಕೂ ಇದೆ ಅಂದರೆ ಮುಚ್ಚುವ ಪಟ್ಟಿ ಇಟ್ಟುಕೊಳ್ಳಿ, ಸಣ್ಣದಾಗಿ, ತಾರೀಖಿನ ಸಮೇತ. ಭಾರತದಂತೆ ಕೇಂದ್ರ, ರಾಜ್ಯ ಎರಡರ ಕೈಯಲ್ಲೂ ಡೇಟಾ ಹಂಚಿಹೋಗಿದ್ದರೆ ಒಂದೇ ಗೋದಾಮಿನ ಕನಸು ಬಿಡಿ. ಲೇಯರ್‌ಗೊಬ್ಬ ಒಡೆಯ, ಒಡೆಯನ ಹೆಸರು ಮತ್ತು ದಿನಾಂಕ ಇರುವ ಒಂದು ಪುಟದ ಚೀಟಿ, ಅಷ್ಟನ್ನು ಗಟ್ಟಿ ಮಾಡಿ.

ಪೂರ್ತಿ ಮಾರುವ ದಾರಿಯನ್ನ ನಾನು ಯಾರಿಗೂ ಹೇಳಲ್ಲ. ಒಂದೇ ಒಂದು ಸಂದರ್ಭದಲ್ಲಿ ಒಪ್ಪುತ್ತೇನೆ: ದುಡ್ಡು ಕೊಟ್ಟರೆ ಮಾತ್ರ ತಪ್ಪು ತಿದ್ದುತ್ತಾರೆ, ಇಲ್ಲದಿದ್ದರೆ ತಿದ್ದೋರೇ ಇಲ್ಲ ಅನ್ನುವ ಕಡೆ. ಬಿಟ್ಟಿ ಸಿಕ್ಕ ತಪ್ಪು ನಕ್ಷೆಗಿಂತ ದುಡ್ಡು ಕೊಟ್ಟ ಸರಿಯಾದ ನಕ್ಷೆ ಅಗ್ಗ.

ಮುಂದೆ ಯಾವ ಕರಡು ಬಂದರೂ ನಾನು ಮೊದಲು ಹುಡುಕೋದು ಒಂದೇ ಕಲಮು. ಲೇಯರಿನಲ್ಲಿ ತಪ್ಪಿದೆ ಅಂತ ಪಂಚಾಯಿತಿ ಅರ್ಜಿ ಕೊಟ್ಟರೆ ಯಾರು ನೋಡುತ್ತಾರೆ, ಎಷ್ಟು ದಿನದಲ್ಲಿ ಉತ್ತರ ಕೊಡುತ್ತಾರೆ, ಆಗಲ್ಲ ಅಂದರೆ ಕಾರಣ ಬರೆದು ಕೊಡುತ್ತಾರಾ? ಈ ಮೂರು ಇದ್ದರೆ ಬೆಲೆಯ ವಿಷಯದಲ್ಲಿ ಸ್ವಲ್ಪ ಬಿಟ್ಟುಕೊಡೋಕೂ ನಾನು ತಯಾರು.

ಅಂದಾಜು ಪಟ್ಟಿಗೆ ಕೊನೆಗೆ 71 ಕೊಟ್ಟೆ. ಹೂಳು ಕೂರೋದು ನೀರು ನಿಲ್ಲುವ ಜಾಗದಲ್ಲಿ, ಹಾಗಾಗಿ ಅದೇ ಸರಿ ಅನ್ನಿಸಿತು. ಪಕ್ಕದ ಕಾಲಂನಲ್ಲಿ "ಕೋಡಿ ಮಟ್ಟದ ನೀರಿನ ಹರವು, ಸರ್ವೆ ನಂಬರಿನ ವಿಸ್ತೀರ್ಣ 84 ಎಕರೆ" ಅಂತ ಬರೆದೆ. ಉಳಿದ ಎರಡು ಕಡೆಗೂ ಒಂದೊಂದು ಪತ್ರ ಹಾಕಿದೆ. ಕುರಿ ಕಾಯುವವರು ತೋರಿಸಿದ ಜಾಗಕ್ಕೆ ಜಿಪಿಎಸ್ ಹಿಡಿದು ಒಂದು ಚುಕ್ಕೆ ತೆಗೆದುಕೊಂಡಿದ್ದೆ. 71ರ ಗೆರೆಯಿಂದ ಅದು ನಲವತ್ತು ಮೀಟರ್ ಆಚೆ, ಒಂದು ಹುಣಸೆ ಮರದ ಬುಡದಲ್ಲಿದೆ. ಅದನ್ನೂ ನಕ್ಷೆಯಲ್ಲಿ ಬಿಟ್ಟಿದ್ದೇನೆ, ಕೋಡಿ ಬಿದ್ದ ವರ್ಷ ಹೋಗಿ ನೋಡಬೇಕು.